ಗುಡ್ಡದ ತೋಟಕ್ಕೆ ಎಷ್ಟು ಎಚ್‌ಪಿ ಬೇಕು?

ಅಡಿಕೆಗೆ ಔಷಧಿ ಹೊಡೆಯುವ ಖರ್ಚು ಎಂದಾಗ ನಾವು ಮೈಲುತುತ್ತದ ರೇಟು ಕೇಳುತ್ತೇವೆ, ಕೊನೆಗಾರರ ಕೂಲಿ ವಿಚಾರಿಸುತ್ತೇವೆ. ನೀರು ಹೊತ್ತ ಖರ್ಚನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಮಿಕ್ಕದ್ದೆಲ್ಲ ನೀರೇ. ಒಂದು ಡ್ರಮ್ ಎಂದರೆ 200 ಕೆ.ಜಿ. ಭಾರ. ನಮ್ಮ ಕೊಪ್ಪ, ಶೃಂಗೇರಿ ಕಡೆಯ ಓರೆ ತೋಟಗಳಲ್ಲಿ ಆ ಭಾರ ಹತ್ತಿಸುವುದಕ್ಕೇ ಅರ್ಧ ದಿನ ಹೋಗುತ್ತದೆ. ಮುಂಗಾರು ಹಿಡಿಯುವ ಮುಂಚೆ ಸಿಗುವ ಒಣ ದಿನಗಳಲ್ಲಿ ಅರ್ಧ ದಿನ ಬಹಳ ದುಬಾರಿ. ಆಗ ಎಲ್ಲರಿಗೂ ಅದೇ ಆಳು, ಅದೇ ಬಾಡಿಗೆ ಯಂತ್ರ ಬೇಕು.

ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದಲೂ ನಮ್ಮ ಮುಖ್ಯ ಔಷಧಿ ಬೋರ್ಡೋವೇ. ಅದನ್ನು ಕೊನೆಗೆ ಮುಟ್ಟಿಸುವ ವಿಧಾನದಲ್ಲಿ ಮಾತ್ರ ನಮ್ಮ ಕೈವಾಡಕ್ಕೆ ಜಾಗವಿದೆ. ಹಾಗಾಗಿ ನಾನು ಸಿದ್ಧ ಸೆಟ್ ಬಿಟ್ಟು, ಬಿಡಿಭಾಗ ಕೊಂಡು ನನ್ನ ತೋಟಕ್ಕೆ ಒಗ್ಗುವ ಸ್ಪ್ರೇಯರ್ ಕಟ್ಟಿಸಿದೆ.

ಅಂಗಡಿಯಲ್ಲಿ ಮೊದಲ ಪ್ರಶ್ನೆ, ಎಷ್ಟು ಎಚ್‌ಪಿ? ಹೆಚ್ಚು ಎಚ್‌ಪಿಗೆ ಹೆಚ್ಚು ದುಡ್ಡು, ಹೆಚ್ಚು ಪೆಟ್ರೋಲು. ಇದಕ್ಕೊಂದು ಸರಳ ಲೆಕ್ಕವಿದೆ: ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು ಒತ್ತಡದಿಂದ ಗುಣಿಸಿ 450ರಿಂದ ಭಾಗಿಸಿ. 22 ಲೀಟರಿನ ಪಂಪು 25 ಕೆ.ಜಿ. ಒತ್ತಡದಲ್ಲಿ ಓಡಿದರೆ ಕಾಗದದ ಮೇಲೆ ಒಂದೂಕಾಲು ಎಚ್‌ಪಿ ಸಾಕು. ಬೆಲ್ಟು, ಪಿಸ್ಟನ್ನುಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೂ 3 ಎಚ್‌ಪಿ ಎಂಜಿನ್ನಿಗೆ ಏದುಸಿರು ಬರುವುದಿಲ್ಲ. ದೊಡ್ಡ ಎಂಜಿನ್ನಿಗೆ ಕೊಡಬೇಕಿದ್ದ ದುಡ್ಡನ್ನು ನಾನು ಪೈಪಿಗೆ ಹಾಕಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಟೂವರೆ ಮಿ.ಮೀ. ಒಳವ್ಯಾಸದ ಪೈಪಿನ ಬದಲು ಹತ್ತು ಮಿ.ಮೀ. ಪೈಪು ಎಳೆದರೆ, ಅಷ್ಟೇ ನೀರಿಗೆ ಉಜ್ಜಾಟದಲ್ಲಿ ಕಳೆದುಹೋಗುವ ಒತ್ತಡ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನೋಡಲು ಒಂದೂವರೆ ಮಿ.ಮೀ. ವ್ಯತ್ಯಾಸ, ಅಷ್ಟೇ. ನಿಮಿಷಕ್ಕೆ ಹತ್ತು ಲೀಟರ್ ಹರಿಸುವಾಗ 100 ಮೀಟರ್ ಸಣ್ಣ ಪೈಪು ಹತ್ತು ಕೆ.ಜಿ.ಗೂ ಹೆಚ್ಚು ಒತ್ತಡ ನುಂಗಿಬಿಡುತ್ತದೆ. ಆಮೇಲೆ ಗನ್ನಿನ ತುದಿಯಲ್ಲಿ ಮಂಜಿನ ಬದಲು ಹನಿ ಉದುರುತ್ತದೆ, ಜನ ಎಂಜಿನ್ನನ್ನು ಬೈಯುತ್ತಾರೆ. ದಪ್ಪ ಪೈಪು ಭಾರ, ಎಳೆಯುವವರ ರಟ್ಟೆಗೆ ಕಷ್ಟ ನಿಜ. ಅದಕ್ಕೇ ಕೊನೆಯ ಮೂವತ್ತು ಮೀಟರ್ ಮಾತ್ರ ಸಣ್ಣದು ಜೋಡಿಸಿದ್ದೇನೆ.

ಇನ್ನೊಂದು ಉಳಿತಾಯ ಜಾಗದ್ದು. ಪ್ರತಿ ಹತ್ತು ಮೀಟರ್ ಏರಿಗೆ ಒಂದು ಕೆ.ಜಿ. ಒತ್ತಡ ಖರ್ಚಾಗುತ್ತದೆ, ಇಳಿಯುವಾಗ ಅಷ್ಟೇ ವಾಪಸು ಬರುತ್ತದೆ. ನನ್ನ ಪಂಪು ತೋಟದ ನೆತ್ತಿಯಲ್ಲಿ, ಜೀಪು ಬರುವ ರಸ್ತೆಯ ಪಕ್ಕ ಕೂರುತ್ತದೆ. ಡ್ರಮ್ಮಿಗೆ ನೀರು ಅಲ್ಲಿನ ಟ್ಯಾಂಕಿನಿಂದ ತಾನೇ ಇಳಿಯುತ್ತದೆ. ಯಂತ್ರ ತೋಟದೊಳಗೆ ಕಾಲಿಡುವುದೇ ಇಲ್ಲ. ಪೈಪು, ದೋಟಿ ಮಾತ್ರ ಇಳಿಯುತ್ತವೆ.

ಪಂಪಿನ ಬೈಪಾಸ್ ಪೈಪನ್ನು ಡ್ರಮ್ಮಿನ ತಳದವರೆಗೆ ಇಳಿಸಿದ್ದೇನೆ. ವಾಪಸು ಬರುವ ನೀರೇ ಸುಣ್ಣ ತಳಕ್ಕೆ ಕೂರದಂತೆ ಕಲಕುತ್ತಿರುತ್ತದೆ, ಕೋಲು ಹಿಡಿದು ನಿಲ್ಲಲು ಒಬ್ಬ ಆಳು ಬೇಡ. ಹದ ನೋಡಲು ಹಳೆಯ ಉಪಾಯವೇ ಸಾಕು: ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣದ ಭಾಗಗಳಿಗೂ ಮೈಲುತುತ್ತ ಹೀಗೇ ಹತ್ತುತ್ತದೆ. ಕೆಲಸ ಮುಗಿದ ಮೇಲೆ ತಿಳಿನೀರು ಬರುವವರೆಗೆ ಪಂಪು ಓಡಿಸುವುದು ಪುಕ್ಕಟೆಯ ವಿಮೆ.

ಪಂಪು, ಎಂಜಿನ್, ಪೈಪು, ಗನ್ನು, ವೆಲ್ಡಿಂಗ್ ಎಲ್ಲ ಸೇರಿ ನನಗೆ ಬಿದ್ದದ್ದು ಸುಮಾರು 40,000 ರೂಪಾಯಿ. ಎಂಟು ವರ್ಷ ಬಾಳಿಕೆ ಎಂದುಕೊಂಡರೆ ವರ್ಷಕ್ಕೆ ಐದು ಸಾವಿರ. ಕೈಯಲ್ಲಿ ಕಟ್ಟಿದ ಯಂತ್ರಕ್ಕೆ ಮರುಮಾರಾಟ ಬೆಲೆ ಇಲ್ಲವೆನ್ನುತ್ತಾರೆ. ಇಡಿಯಾಗಿ ಮಾರಹೊರಟರೆ ಆ ಮಾತು ಸರಿ. ಅದಕ್ಕಾಗಿ ಎಂಜಿನ್ನನ್ನೂ ಪಂಪನ್ನೂ ಬೋಲ್ಟಿನಲ್ಲೇ ಕೂರಿಸಿದ್ದೇನೆ. ನಾಳೆ ಬೇಡವೆನಿಸಿದರೆ ಬಿಚ್ಚಿ ಬೇರೆಬೇರೆ ಮಾರಬಹುದು. ಗುಜರಿಗೆ ಹೋಗುವುದು ಆಂಗಲ್ ಚೌಕಟ್ಟು ಮಾತ್ರ.

ಸಬ್ಸಿಡಿ ಮರೆಯಬೇಡಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ನೆರವಿದೆ, ಆದರೆ ಇಲಾಖೆ ಒಪ್ಪಿದ ಮಾದರಿಗಳಿಗೆ ಮಾತ್ರ. ನಿಮಗೆ ಅದು ಸಿಗುವಂತಿದ್ದರೆ ಪಂಪ್‌ಸೆಟ್ಟನ್ನು ಅಲ್ಲೇ ತೆಗೆದುಕೊಂಡು, ಕೈದುಡ್ಡನ್ನು ಪೈಪಿಗೆ, ಚೌಕಟ್ಟಿಗೆ ಇಟ್ಟುಕೊಳ್ಳಿ. ವರ್ಷಕ್ಕೆ ಎರಡು ಮೂರು ಸಲ ಓಡುವ ಯಂತ್ರಕ್ಕೆ ಬಂಗಾರ ಅಡವಿಡುವುದನ್ನು ನಾನಂತೂ ಒಪ್ಪುವುದಿಲ್ಲ.

ನಮ್ಮ ಪಕ್ಕದ ಎರಡು ತೋಟದವರೂ ಈ ಸೆಟ್ಟನ್ನೇ ಒಯ್ಯುತ್ತಾರೆ. ಪೆಟ್ರೋಲು ಅವರದ್ದು, ಡ್ರಮ್ಮಿಗೆ ಇಂತಿಷ್ಟು ಎಂದು ಕೊಟ್ಟದ್ದು ಬೇರೆ ಡಬ್ಬಕ್ಕೆ ಬೀಳುತ್ತದೆ. ಈ ಸಲದ ಸೀಲು, ವಿ-ಬೆಲ್ಟು ಬಂದದ್ದು ಆ ಡಬ್ಬದಿಂದಲೇ. ಹೊಸ ಪೈಪಿಗೆ ಇನ್ನೊಂದು ಮಳೆಗಾಲದ ದುಡ್ಡು ಸೇರಬೇಕು.