ಸ್ಥಿರವಾದದ್ದೂ ಹೊಸದಾದದ್ದೂ: ಮನೆಯ ಕಂಪ್ಯೂಟರಿನ ವಿಷಯವಾಗಿ ಒಂದು ಪಾಠ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಪೋಷಕರೂ, ಇಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರೂ ಈಚೆಗೆ ಒಂದು ಪ್ರಶ್ನೆಯನ್ನು ಕೇಳುತ್ತಿದ್ದಾರೆ. ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಮನೆಯಲ್ಲಿರುವ ಯಂತ್ರವಾದರೋ ಇನ್ನೂ ಗಟ್ಟಿಯಾಗಿದೆ. ಅದಕ್ಕೆ ಲಿನಕ್ಸ್ ಹಾಕಿಸಬಹುದೆಂದು ಕೇಳಿದ್ದೇವೆ. ಆದರೆ ಅದರಲ್ಲಿ ಹತ್ತಾರು ಬಗೆಗಳಿವೆಯಂತೆ. ಎಲ್ಲಕ್ಕಿಂತ ಹೊಸದನ್ನು ಆರಿಸಬೇಕೋ, ಸ್ವಲ್ಪ ಹಳೆಯದಾದರೂ ನಿಂತ ಹೆಜ್ಜೆಯದನ್ನು ಆರಿಸಬೇಕೋ? ಈ ಪ್ರಶ್ನೆಗೆ ಕ್ರಮವಾಗಿ ಉತ್ತರ ಹೇಳುವದೇ ಈ ಲೇಖನದ ಉದ್ದೇಶವು.

ಮೊದಲು ಮೂಲದ ಸಂಗತಿಯನ್ನು ತಿಳಿಯೋಣ. ಕಂಪ್ಯೂಟರಿನ ಎಲ್ಲ ಕೆಲಸಗಳನ್ನೂ ಹಿಂದೆ ನಿಂತು ನಡಿಸತಕ್ಕ ಮುಖ್ಯ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಇಂಥ ಒಂದು ವ್ಯವಸ್ಥೆಯನ್ನು ಕಟ್ಟುವೆವೆಂದು ಸಾರಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನುಸ್ ಟೊರ್ವಾಲ್ಡ್ಸ್ ಎಂಬವರು ಅದಕ್ಕೆ ಬೇಕಾಗಿದ್ದ ತಿರುಳನ್ನು, ಅಂದರೆ ಲಿನಕ್ಸ್ ಕರ್ನೆಲನ್ನು, ಬರೆದರು. ಇವೆರಡನ್ನೂ ಬೇರೆ ನೂರಾರು ತಂತ್ರಾಂಶಗಳೊಡನೆ ಕೂಡಿಸಿ, ಸಿದ್ಧಪಡಿಸಿ ಜನರಿಗೆ ಕೊಡುವ ಗುಂಪುಗಳು ಹುಟ್ಟಿದವು. ಅವರು ಕೊಡುವದಕ್ಕೆ ವಿತರಣೆ ಎನ್ನುತ್ತಾರೆ. ಉಬುಂಟು, ಡೆಬಿಯನ್, ಫೆಡೋರಾ ಎಂಬವು ಅಂಥ ವಿತರಣೆಗಳೇ.

ಈ ಗುಂಪುಗಳು ನಡೆಯುವ ದಾರಿಗಳು ಬೇರೆ ಬೇರೆ. 1993ರಲ್ಲಿ ಆರಂಭವಾದ ಡೆಬಿಯನ್ ತನ್ನ ಕೆಲಸವನ್ನು ಮೂರು ಮಜಲುಗಳಾಗಿ ಇಟ್ಟುಕೊಂಡಿದೆ: ಅಸ್ಥಿರ, ಪರೀಕ್ಷೆಯಲ್ಲಿರುವದು, ಸ್ಥಿರ. ಹೊಸದೆಲ್ಲವೂ ಮೊದಲು ಅಸ್ಥಿರಕ್ಕೆ ಬಂದು, ಪರೀಕ್ಷೆಯಲ್ಲಿ ಮಾಗಿ, ಸುಮಾರು 2 ವರುಷಕ್ಕೊಮ್ಮೆ ಸ್ಥಿರವಾಗಿ ಹೊರಬೀಳುತ್ತದೆ. ಅಸ್ಥಿರ ಮಜಲಿಗೆ ಸಿಡ್ ಎಂದು ಹೆಸರು. ಒಂದು ಮಕ್ಕಳ ಚಲನಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ನೆರೆಮನೆಯ ಹುಡುಗನ ಹೆಸರದು. ಇಟ್ಟವರೇ ಎಚ್ಚರಿಕೆಯನ್ನೂ ಹೇಳಿದಂತಾಯಿತು. ಉಬುಂಟು 6 ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಕೊಡುತ್ತದೆ. ಆದರೆ 2 ವರುಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುವ ದೀರ್ಘ ಬೆಂಬಲದ ಆವೃತ್ತಿಗೆ 5 ವರುಷ ಆರೈಕೆಯುಂಟು, ನಡುವಿನವುಗಳಿಗೆ 9 ತಿಂಗಳು ಮಾತ್ರ. 24.04 ಎಂದರೆ 2024ನೆಯ ವರುಷದ 4ನೆಯ ತಿಂಗಳಿನದು. ಫೆಡೋರಾದ ಒಂದೊಂದು ಆವೃತ್ತಿಯ ಆಯುಷ್ಯ ಸುಮಾರು 13 ತಿಂಗಳು. ಆರ್ಚ್ ಎಂಬದಕ್ಕಂತೂ ಆವೃತ್ತಿಗಳೇ ಇಲ್ಲ. ಹೊಸದು ಸಿದ್ಧವಾದಂತೆಲ್ಲ ಹರಿದು ಬರುತ್ತಲೇ ಇರುತ್ತದೆ.

ಇನ್ನು ಸ್ಥಿರವೆಂಬ ಮಾತಿನ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಸ್ಥಿರವೆಂದರೆ ದೋಷವಿಲ್ಲದ್ದೆಂದಾಗಲಿ, ಮುಟ್ಟದೆ ಬಿಟ್ಟದ್ದೆಂದಾಗಲಿ ಅಲ್ಲ. ಅದರ ರೂಪವೂ ನಡೆಯೂ ಬದಲಾಗುವದಿಲ್ಲ. ಆದರೆ ಕಂಡ ದೋಷಗಳ ದುರಸ್ತಿ ಮಾತ್ರ ತಪ್ಪದೆ ಬರುತ್ತಿರುತ್ತದೆ. ಇದಕ್ಕೊಂದು ದೃಷ್ಟಾಂತ. ಜಾಲದ ಮೇಲಿನ ಮಾತುಕತೆಯನ್ನು ಗುಪ್ತವಾಗಿಡುವ ಓಪನ್ ಎಸ್ಎಸ್ಎಲ್ ಎಂಬ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷವಿರುವದು 2014ನೆಯ ಏಪ್ರಿಲ್ 7ರಂದು ಪ್ರಕಟವಾಯಿತು. ಅಂದಿನ ಸ್ಥಿರ ಡೆಬಿಯನ್ನಿನಲ್ಲಿಯೂ ಆ ದೋಷವಿತ್ತು. ಡೆಬಿಯನ್ನಿನವರು ಆ ತಂತ್ರಾಂಶದ ಹೊಸ ಆವೃತ್ತಿಯನ್ನೇ ಒಳಗೆ ತರದೆ, ತಮ್ಮಲ್ಲಿದ್ದ ಹಳೆಯದಕ್ಕೇ ಬೇಕಾದಷ್ಟು ತೇಪೆಯನ್ನು ಹಾಕಿ ಅದೇ ದಿನ ಜನರಿಗೆ ಒದಗಿಸಿದರು. ತೂತು ಮುಚ್ಚಿತು; ಉಳಿದದ್ದು ಇದ್ದಂತೆಯೇ ಇತ್ತು. ಸ್ಥಿರತೆಯೆಂದರೆ ಇದು.

ನಮ್ಮ ಭಾಗದ ಒಕ್ಕಲಿಗರಿಗೆ ಈ ವಿವೇಕವು ಹೊಸದಲ್ಲ. ತೊಗರಿಗೆ ನೆಟೆ ರೋಗ ಬಿದ್ದರೆ ಹೊಲಕ್ಕೆ ಹೊಲವೇ ಒಣಗುವದೆಂದು ಎಲ್ಲರೂ ಬಲ್ಲರು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಿಂದ ಬಂದ, ಆ ರೋಗವನ್ನು ತಾಳುವ ಮಾರುತಿ ಎಂಬ ತಳಿಯು ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾಯಿತು. ಜಾಣನಾದ ಒಕ್ಕಲಿಗನು ಕಾಣದ ಬೀಜವನ್ನು ಮೊದಲನೆಯ ವರುಷವೇ ಇಡೀ ಹೊಲಕ್ಕೆ ಬಿತ್ತುವದಿಲ್ಲ. ಒಂದು ಮೂಲೆಯಲ್ಲಿ ಬಿತ್ತಿ ನೋಡುತ್ತಾನೆ. ಹಾಗೆಂದು ನೆಟೆಗೆ ತುತ್ತಾಗುವ ಹಳೆಯ ಬೀಜವನ್ನೇ ಹಟದಿಂದ ಹಿಡಿದುಕೊಂಡೂ ಕೂಡ್ರುವದಿಲ್ಲ. ಕಂಪ್ಯೂಟರಿನ ವಿಷಯದಲ್ಲಿಯೂ ಈ ಎರಡು ಮಾತುಗಳನ್ನು ಕೂಡಿಯೇ ನೆನಪಿಡತಕ್ಕದ್ದು.

ಅತಿ ಹೊಸದರ ಅಪಾಯವು 2024ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಕಡತಗಳನ್ನು ಸಣ್ಣದಾಗಿಸುವ ಎಕ್ಸ್‌ಝಡ್ ಎಂಬ ಉಪಕರಣದ ಕೆಲಸದಲ್ಲಿ ಒಬ್ಬ ಅಜ್ಞಾತನು 2 ವರುಷಕ್ಕೂ ಹೆಚ್ಚು ಕಾಲ ಸಹಾಯಕನಂತೆ ನಟಿಸಿ, ನಂಬಿಕೆಯನ್ನು ಗಳಿಸಿ, ಕಡೆಗೆ 5.6.0 ಮತ್ತು 5.6.1 ಎಂಬ ಆವೃತ್ತಿಗಳಲ್ಲಿ ಕಳ್ಳಬಾಗಿಲನ್ನು ಇಟ್ಟನು. ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಕಾರಣವನ್ನು ಹುಡುಕುತ್ತ ಹೋಗಿ, ಮಾರ್ಚ್ 29ರಂದು ಈ ಕೃತ್ರಿಮವನ್ನು ಬಯಲಿಗೆ ತಂದರು. ಅಷ್ಟರಲ್ಲಿ ಆ ಆವೃತ್ತಿಗಳು ಡೆಬಿಯನ್ನಿನ ಅಸ್ಥಿರ ಮಜಲಿಗೂ, ಆರ್ಚಿಗೂ, ಫೆಡೋರಾದ ಪರೀಕ್ಷೆಯ ಆವೃತ್ತಿಗೂ ತಲುಪಿದ್ದವು. ಸ್ಥಿರ ಡೆಬಿಯನ್ನಿಗೆ ತಲುಪಿರಲಿಲ್ಲ. ಉಬುಂಟು 24.04ರ ಪರೀಕ್ಷಾ ಬಿಡುಗಡೆಯನ್ನು ಒಂದು ವಾರ ಮುಂದಕ್ಕೆ ಹಾಕಿ, ಎಲ್ಲವನ್ನೂ ಮತ್ತೆ ಕಟ್ಟಿದರು. ತಡೆದು ನಡೆದವರಿಗೆ ತಡವೇ ರಕ್ಷಣೆಯಾಯಿತು.

ಆದಾಗ್ಯೂ ಹೊಸದನ್ನು ಮೊದಲು ಬಳಸುವವರನ್ನು ನಾವು ಹಳಿಯಬಾರದು. ಅವರು ಬಳಸಿ, ಎಡವಿ, ದೂರು ಬರೆದದ್ದರಿಂದಲೇ ನಮ್ಮ ಕೈಗೆ ಬರುವದು ಮಾಗಿ ಬರುತ್ತದೆ. ನಿನ್ನೆ ಕೊಂಡ ಯಂತ್ರದ ವೈಫೈ ಭಾಗವನ್ನು ಹಳೆಯ ಕರ್ನೆಲ್ ಗುರುತಿಸದೆ ಹೋಗಬಹುದು. ಅಂಥಲ್ಲಿ ಹೊಸದೇ ಬೇಕಾಗುತ್ತದೆ. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಬಳಿ ಎರಡನೆಯ ಯಂತ್ರವಿದ್ದರೆ ಫೆಡೋರಾವನ್ನೋ ಆರ್ಚನ್ನೋ ಧಾರಾಳವಾಗಿ ಹಾಕಿ ಕಲಿಯಲಿ. ಕನ್ನಡದ ಒತ್ತಕ್ಷರವು ಎಲ್ಲಿ ತಪ್ಪಾಗಿ ಮೂಡುವದೋ ಅದನ್ನು ತಯಾರಕರಿಗೆ ಬರೆದು ತಿಳಿಸಲಿ. ಅದು ನುಡಿಗೆ ಮಾಡಿದ ಸೇವೆಯೇ ಸರಿ.

ಶಾಲೆಗಳಿಗೆ ಯಾವದು ಹಿತವೆಂಬದಕ್ಕೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳನ್ನು ನೋಡಬಹುದು. ಕೇರಳ ಸರಕಾರವು 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. ಅದೇ ಈಗ ಕೈಟ್ ಎಂಬ ಸಂಸ್ಥೆಯಾಗಿದೆ. ಆ ಸಂಸ್ಥೆಯು ಶಾಲೆಗಳಿಗೆಂದು ಸಿದ್ಧಪಡಿಸಿದ ಗ್ನೂ ಲಿನಕ್ಸ್ ಆವೃತ್ತಿಗಳ ಅಂಕಿಗಳು 18.04, 22.04; ಅಂದರೆ ಎರಡೂ ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿಗಳ ಮೇಲೆ ಕಟ್ಟಿದವು. ಪಠ್ಯಪುಸ್ತಕದ ಚಿತ್ರವೂ ಪರದೆಯ ಮೇಲಿನ ನೋಟವೂ ವರುಷವೆಲ್ಲ ಒಂದೇ ಆಗಿದ್ದರೆ ತಾನೇ ಮಗುವು ಕಲಿಯುವದು? ಅರ್ಧ ವರುಷದಲ್ಲಿ ಗುಂಡಿಗಳ ಸ್ಥಾನ ಬದಲಾದರೆ ಪಾಠವು ಕೆಡುತ್ತದೆ.

ಈಗ ಮನೆಯವರಿಗೆ ಉತ್ತರ. ಒಂದೇ ಯಂತ್ರವಿರುವ ಮನೆಯಲ್ಲಿ ಮಗಳ ಪಾಠ, ವಿದ್ಯಾರ್ಥಿವೇತನದ ಅರ್ಜಿ, ತಂದೆಯ ಲೆಕ್ಕ ಎಲ್ಲವೂ ಅದರಲ್ಲಿಯೇ ನಡೆಯುವವು. ಅರ್ಜಿಯ ಕಡೆಯ ದಿನ ಯಂತ್ರವು ಏಳದಿದ್ದರೆ ಮಗಳ ಒಂದು ವರುಷವೇ ಹೋಗಬಹುದು. ಆದಕಾರಣ ಈ ನಿಯಮಗಳನ್ನು ಪಾಲಿಸಿರಿ.

1. ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿಯನ್ನಾಗಲಿ, ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟನ್ನಾಗಲಿ, ಸ್ಥಿರ ಡೆಬಿಯನ್ನನ್ನಾಗಲಿ ಆರಿಸಿರಿ.

2. ಅದರ ಬೆಂಬಲ ಮುಗಿಯುವ ವರುಷವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿರಿ. ಉಬುಂಟು 24.04ಕ್ಕೆ 2029 ಎಂದು ಬರೆಯತಕ್ಕದ್ದು. ಆ ಗಡುವು ದಾಟಿದ ಮೇಲೆ ಅದು ಸ್ಥಿರವಲ್ಲ, ಬರಿಯ ಹಳೆಯದು.

3. ದುರಸ್ತಿಗಳನ್ನು ವಾರಕ್ಕೊಮ್ಮೆ ತಪ್ಪದೆ ಹಾಕಿರಿ. ಆ ಹೊತ್ತಿನಲ್ಲಿ ಕರೆಂಟು ಹೋಗದಂತೆ ನೋಡಿಕೊಳ್ಳಿರಿ.

4. ದೊಡ್ಡ ಆವೃತ್ತಿಯ ಬದಲಾವಣೆಯನ್ನು ಬೇಸಿಗೆಯ ರಜೆಯಲ್ಲಿ ಮಾಡಿರಿ. ಪರೀಕ್ಷೆಯ ತಿಂಗಳಲ್ಲಿ ಎಂದಿಗೂ ಬೇಡ.

5. ಮಿಂಟಿನಲ್ಲಿರುವ ಟೈಮ್‌ಶಿಫ್ಟ್ ಎಂಬ ಉಪಕರಣವು ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಲ್ಲದು. ಆದರೆ ಅದು ನಿಮ್ಮ ಸ್ವಂತ ಕಾಗದಪತ್ರಗಳನ್ನು ಕಾಯುವದಿಲ್ಲವಾದ್ದರಿಂದ ಅವುಗಳ ಪ್ರತಿಯನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಇಡಿರಿ.

6. ಯಾವದಾದರೊಂದು ತಂತ್ರಾಂಶ ಮಾತ್ರ ಹೊಸದು ಬೇಕಾದರೆ, ಫ್ಲಾಟ್‌ಪ್ಯಾಕ್ ಎಂಬ ವಿಧಾನದಿಂದ ಅದೊಂದನ್ನೇ ತರಿಸಿಕೊಳ್ಳಬಹುದು. ಬುನಾದಿಯನ್ನು ಅಲುಗಿಸಬೇಕಾಗಿಲ್ಲ.

ಮಕ್ಕಳಿಗೆ ನಾವು ಕಲಿಸಬೇಕಾದದ್ದು ಹೊಸದರ ಮೋಹವನ್ನೂ ಅಲ್ಲ, ಅದರ ಭಯವನ್ನೂ ಅಲ್ಲ. ಕೆಟ್ಟರೆ ನಮ್ಮದೇನು ಹೋಗುವದು, ಕೆಟ್ಟದ್ದನ್ನು ಸರಿಪಡಿಸುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿ, ಆಮೇಲೆ ಆರಿಸುವ ಅಭ್ಯಾಸವನ್ನು ಕಲಿಸಬೇಕು. ಹಾಗೆ ಕಲಿತ ಹುಡುಗಿಯು ಕಂಪ್ಯೂಟರನ್ನು ಮಾತ್ರವಲ್ಲ, ಮನೆಯನ್ನೂ ಉದ್ಯೋಗವನ್ನೂ ಸುರಕ್ಷಿತವಾಗಿ ನಡಿಸಿಕೊಂಡು ಹೋಗುವಳು.