ಸೋಪ್ರಾನೋ ಸ್ಯಾಕ್ಸೊಫೋನಿನ ಶ್ರುತಿಶುದ್ಧಿ

ಸೊರಬ ತಾಲ್ಲೂಕಿನ ಆನವಟ್ಟಿಗೆ ಸಮೀಪದಲ್ಲಿರುವ ಕುಬಟೂರು, ಸುಮಾರು ಕ್ರಿ.ಶ. 1100ರ ಕಾಲದ ಕೈಟಭೇಶ್ವರ ದೇವಾಲಯದಿಂದ ಹೆಸರಾದ ಊರು. ಒಂದು ಮಾಘಮಾಸದಲ್ಲಿ ಅಲ್ಲಿಯ ಮದುವೆಯ ಮನೆಯೊಂದಕ್ಕೆ ನಾವು ಹೋಗಿದ್ದೆವು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಚಪ್ಪರದ ಮೂಲೆಯಲ್ಲಿ ಓಲಗದವರು ಕುಳಿತಿದ್ದರು. ತಂದೆಯ ಕೈಯಲ್ಲಿ ನಾದಸ್ವರ. ಮಗನ ಕೈಯಲ್ಲಿ, ದೂರದಿಂದ ನೋಡಿದರೆ ನಾದಸ್ವರವೆಂದೇ ತೋರುವ ಹಿತ್ತಾಳೆಯ ನೆಟ್ಟನೆಯ ವಾದ್ಯ. ಅದು ಸೋಪ್ರಾನೋ ಸ್ಯಾಕ್ಸೊಫೋನ್. ಶ್ರುತಿಪೆಟ್ಟಿಗೆಯ ಷಡ್ಜಕ್ಕಿಂತ ಹುಡುಗನ ಷಡ್ಜವು ಬೆಳಿಗ್ಗೆ ತುಸು ಇಳಿದಿತ್ತು. ಮಧ್ಯಾಹ್ನದ ವೇಳೆಗೆ ಏರಿಹೋಗಿತ್ತು.

ಊಟವಾದ ಮೇಲೆ ಅವನು ನಮ್ಮ ಬಳಿಗೆ ಬಂದು ತನ್ನ ಕಷ್ಟವನ್ನು ಹೇಳಿಕೊಂಡನು: "ಮೇಷ್ಟ್ರೇ, ಈ ವಾದ್ಯವೇ ಸುಳ್ಳು. ಹೊಸ ಮೌತ್‌ಪೀಸ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದರು. ಅದಕ್ಕೆ ನಾಲ್ಕು ಮದುವೆಗಳ ಸಂಭಾವನೆಯೂ ಸಾಲದು. ಅಪ್ಪಯ್ಯನಂತೂ ಮಾರಿಬಿಡು ಎನ್ನುತ್ತಾರೆ."

ವಾದ್ಯವು ನಿಜವಾಗಿಯೂ ಸುಳ್ಳೇ? ಶ್ರುತಿಯು ಹಿತ್ತಾಳೆಯಲ್ಲಿದೆಯೆ, ಮೌತ್‌ಪೀಸಿನಲ್ಲಿದೆಯೆ, ಊದುವವನಲ್ಲಿದೆಯೆ? ಈ ಪ್ರಶ್ನೆಗಳಿಗೆ ಭೌತಶಾಸ್ತ್ರವು ಕೊಡುವ ಉತ್ತರವನ್ನು ವಿದ್ಯಾರ್ಥಿಗಳು ಅರಿಯುವುದು ಒಳ್ಳೆಯದು.

ವಾದ್ಯದ ಪರಿಚಯ

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ಈ ವಾದ್ಯಕುಟುಂಬವನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದನು. ನಮ್ಮ ನಾಡಿನಲ್ಲಿ ಇದನ್ನು ಮನೆಮಾತಾಗಿಸಿದವರು ಕದ್ರಿ ಗೋಪಾಲನಾಥರು. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ, ನಾದಸ್ವರ ವಿದ್ವಾಂಸರ ಮಗನಾಗಿ ಜನಿಸಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದಕ್ಕೆ ಮನಸೋತರು. ಕರ್ಣಾಟಕ ಸಂಗೀತದ ಗಮಕಗಳಿಗೆ ಅದನ್ನು ಒಗ್ಗಿಸಲು ಹಲವು ವರ್ಷ ದುಡಿದು, ವಾದ್ಯದಲ್ಲಿಯೇ ಮಾರ್ಪಾಡುಗಳನ್ನು ಮಾಡಿಕೊಂಡರು. 1994ರಲ್ಲಿ ಲಂಡನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು; 2019ರಲ್ಲಿ ತೀರಿಕೊಂಡರು. ಅವರು ಹೆಚ್ಚಾಗಿ ನುಡಿಸುತ್ತಿದ್ದುದು ಬಾಗಿದ ಕೊಳವೆಯ ಆಲ್ಟೋ ಸ್ಯಾಕ್ಸೊಫೋನನ್ನು. ಸೋಪ್ರಾನೋ ಅದಕ್ಕಿಂತ ಗಿಡ್ಡ; ಆದುದರಿಂದ ಅದರ ಸ್ವರಗಳು ಹೆಚ್ಚು ಎತ್ತರ. ಶ್ರುತಿಯ ವಿಷಯದಲ್ಲಿ ಅದು ಹೆಚ್ಚು ಹಟಮಾರಿಯೂ ಹೌದು.

ಕಂಪಿಸುವುದು ಗಾಳಿ

ವೀಣೆಯಲ್ಲಿ ತಂತಿ ಕಂಪಿಸುವಂತೆ, ಇಲ್ಲಿ ಕೊಳವೆಯೊಳಗಿನ ಗಾಳಿಯ ಕಂಬವು ಕಂಪಿಸುತ್ತದೆ. ಹಿತ್ತಾಳೆಯ ಕೆಲಸ ಆ ಕಂಬಕ್ಕೆ ಆಕಾರ ಕೊಡುವುದಷ್ಟೆ. ಕೊಳವೆಯು ಮೌತ್‌ಪೀಸಿನ ಕಡೆ ಕಿರಿದಾಗಿ, ಕೆಳಗೆ ಹೋದಂತೆ ಹಿಗ್ಗುವ ಶಂಕುವಿನ ಆಕಾರದ್ದು. ನಾದಸ್ವರವೂ ಹಾಗೆಯೇ. ಶಂಕುವಿನಾಕಾರದ ಗಾಳಿಯ ಕಂಬವು ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳೆಲ್ಲವನ್ನೂ ಕೊಡಬಲ್ಲುದು. ಆದ್ದರಿಂದ ಸ್ಥಾಯಿಯ ಕೀಲಿಯನ್ನು ಒತ್ತಿದಾಗ ಮಧ್ಯಷಡ್ಜವು ಜಿಗಿದು ತಾರಷಡ್ಜವಾಗುತ್ತದೆ. ಕ್ಲ್ಯಾರಿನೆಟ್ಟಿನ ಕೊಳವೆಯಾದರೋ ಬಹುಭಾಗ ಒಂದೇ ಅಗಲದ್ದು. ಅಲ್ಲಿ ಬೆಸಸಂಖ್ಯೆಯ ಉಪಸ್ವರಗಳೇ ಪ್ರಬಲವಾಗಿ, ಷಡ್ಜದಿಂದ ಜಿಗಿದರೆ ತಾರಸ್ಥಾಯಿಯ ಪಂಚಮವು ಬರುತ್ತದೆ. ನಾದಸ್ವರ ಬಲ್ಲವನ ಬೆರಳಿಗೆ ಸ್ಯಾಕ್ಸೊಫೋನು ಬೇಗ ಒಲಿಯಲು ಇದೊಂದು ಕಾರಣ.

ಚಳಿ ಮತ್ತು ಬಿಸಿಲು

ಸ್ವರದ ಎತ್ತರವು ಗಾಳಿಯ ಕಂಬದ ಉದ್ದವನ್ನೂ, ಆ ಗಾಳಿಯಲ್ಲಿ ಶಬ್ದದ ವೇಗವನ್ನೂ ಅವಲಂಬಿಸಿದೆ. ಗಾಳಿ ಬಿಸಿಯಾದಂತೆ ಶಬ್ದವೇಗ ಹೆಚ್ಚುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಬೆಳಿಗ್ಗೆ 16 ಡಿಗ್ರಿ, ಮಧ್ಯಾಹ್ನ 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಶಬ್ದವೇಗವು 341 ಮೀಟರಿನಿಂದ 349.5 ಮೀಟರಿಗೆ, ಎಂದರೆ ನೂರಕ್ಕೆ ಎರಡೂವರೆಯಷ್ಟು, ಏರುತ್ತದೆ. ಕೊಳವೆಯ ಉದ್ದ ಬಹುಮಟ್ಟಿಗೆ ಬದಲಾಗದಿರುವುದರಿಂದ ಸ್ವರವೂ ಅಷ್ಟೇ ಏರಬೇಕು.

ಸ್ವರಗಳ ಅಂತರವನ್ನಳೆಯಲು ಒಂದು ಸ್ಥಾಯಿಯನ್ನು 1200 ಸಮಭಾಗ ಮಾಡಿ, ಒಂದು ಭಾಗವನ್ನು ಒಂದು ಸೆಂಟ್ ಎನ್ನುತ್ತಾರೆ. ಹಾರ್ಮೋನಿಯಮ್ಮಿನಲ್ಲಿ ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್. ಮೇಲಿನ ಲೆಕ್ಕದಂತೆ ಬೆಳಗಿಗೂ ಮಧ್ಯಾಹ್ನಕ್ಕೂ ಆಗುವ ವ್ಯತ್ಯಾಸ 40 ಸೆಂಟುಗಳಿಗೂ ಮಿಗಿಲು! ವಾದಕನ ಬಿಸಿಯುಸಿರು ಕೊಳವೆಯನ್ನು ತುಂಬುವುದರಿಂದ ವಾಸ್ತವದಲ್ಲಿ ವ್ಯತ್ಯಾಸವು ಇದಕ್ಕಿಂತ ಕಡಿಮೆ. ಆದರೂ ಕಿವಿಗೆ ಎದ್ದು ಕೇಳುವಷ್ಟು ಇದ್ದೇ ಇರುತ್ತದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಸ್ವರವು ಹೀಗೆ ಸರಿಯುವುದಿಲ್ಲ. ತಂಬೂರಿಯಂತೂ ಬಿಸಿಗೆ ತಂತಿ ಸಡಿಲಾಗಿ ಇಳಿಯುತ್ತದೆ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ! ಆದ್ದರಿಂದ ಚಳಿಯಲ್ಲಿ ಹತ್ತು ನಿಮಿಷ ಮೆಲ್ಲಗೆ ಊದಿ, ವಾದ್ಯವನ್ನು ಬೆಚ್ಚಗೆ ಮಾಡಿದ ಬಳಿಕವೇ ಶ್ರುತಿ ಸೇರಿಸಬೇಕು.

ಶಂಕುವಿನ ಕಾಣದ ತುದಿ

ಶಂಕುವಿನ ಮೊನೆಯನ್ನು ಕತ್ತರಿಸದಿದ್ದರೆ ಬಾಯಿಟ್ಟು ಊದಲು ಎಡೆಯೇ ಇರುವುದಿಲ್ಲ. ಹಾಗೆ ಕತ್ತರಿಸಿಹೋದ ತುದಿಯ ಸ್ಥಾನದಲ್ಲಿ ಮೌತ್‌ಪೀಸ್ ನಿಲ್ಲುತ್ತದೆ. ಅದರೊಳಗಿನ ಟೊಳ್ಳಿನ ಘನಗಾತ್ರವು, ಕಂಪಿಸುವ ರೀಡಿನ ಪರಿಣಾಮವೂ ಸೇರಿ, ಕಾಣೆಯಾದ ತುದಿಯ ಘನಗಾತ್ರಕ್ಕೆ ಸಮನಾಗಿರಬೇಕು. ಇದೇ ಮೌತ್‌ಪೀಸಿನ ಆಯ್ಕೆಯ ಮೂಲಸೂತ್ರ.

ಕಾರ್ಕಿನ ಮೇಲೆ ಮೌತ್‌ಪೀಸನ್ನು ಹೊರಗೆಳೆದರೆ ಈ ಘನಗಾತ್ರ ಹೆಚ್ಚಿ ಸ್ವರ ಇಳಿಯುತ್ತದೆ. ಒಳಕ್ಕೆ ತಳ್ಳಿದರೆ ಏರುತ್ತದೆ. ಆದರೆ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಸರಿಯುವುದಿಲ್ಲ. ಸೋಪ್ರಾನೋದ ಅತ್ಯಂತ ಕೆಳಗಿನ ಸ್ವರಕ್ಕೆ, ಕಾಣದ ತುದಿಯೂ ಸೇರಿ, ಶಂಕುವಿನ ಉದ್ದ ಸುಮಾರು 83 ಸೆಂಟಿಮೀಟರ್. ಬೆರಳುಗಳನ್ನೆಲ್ಲ ಎತ್ತಿದಾಗ ಬರುವ ಸ್ವರಕ್ಕೆ ಅದು ಸುಮಾರು 35 ಸೆಂಟಿಮೀಟರ್ ಮಾತ್ರ. ಗಿಡ್ಡ ಕಂಬಕ್ಕೆ ಸಣ್ಣ ಬದಲಾವಣೆಯೂ ದೊಡ್ಡದೇ. ತಾರಸ್ಥಾಯಿಯ ಸ್ವರಗಳು ಇನ್ನೂ ಹೆಚ್ಚು ಸರಿಯುತ್ತವೆ. ಅತಿಯಾಗಿ ಹೊರಗೆಳೆದರೆ ಮಧ್ಯಷಡ್ಜ ಮತ್ತು ತಾರಷಡ್ಜಗಳ ಅಂತರವು ಒಂದು ಸ್ಥಾಯಿಗಿಂತ ಕಿರಿದಾಗುತ್ತದೆ. ಅತಿಯಾಗಿ ತಳ್ಳಿದರೆ ಹಿಗ್ಗುತ್ತದೆ. ಆದಕಾರಣ ಒಂದೇ ಸ್ವರವನ್ನು ಸರಿಮಾಡಿ ತೃಪ್ತರಾಗಬಾರದು; ಒಂದು ಸ್ವರವನ್ನೂ ಅದರ ಮೇಲಿನ ಸ್ಥಾಯಿಯ ಸ್ವರವನ್ನೂ ಜೊತೆಯಾಗಿ ಪರೀಕ್ಷಿಸಬೇಕು.

ಹುಡುಗನು ಮಾಡಿದ್ದೇನು? ಬೆಳಗಿನ ಚಳಿಯಲ್ಲಿ ಷಡ್ಜ ಇಳಿದದ್ದನ್ನು ಕಂಡು, ಮೌತ್‌ಪೀಸನ್ನು ಕೊನೆಯವರೆಗೂ ಒಳಕ್ಕೆ ತಳ್ಳಿದ್ದನು. ಬಿಸಿಲೇರಿದಾಗ ಸ್ವರವೂ ಏರಿತು. ತಾರಸ್ಥಾಯಿಯು ಇನ್ನಷ್ಟು ಏರಿತು.

ಸಲಕರಣೆಗಳ ಆಯ್ಕೆ

ಮೌತ್‌ಪೀಸಿನ ತುದಿಗೂ ರೀಡಿಗೂ ನಡುವಿನ ತೆರಪು ಹೆಚ್ಚಿದ್ದರೆ ಸ್ವರವನ್ನು ಹೆಚ್ಚು ಬಾಗಿಸಬಹುದು, ಆದರೆ ತುಟಿಗೆ ಶ್ರಮ ಹೆಚ್ಚು. ಕಲಿಯುವವರಿಗೆ ಮಧ್ಯಮ ತೆರಪೇ ಲೇಸು. ರೀಡನ್ನು ಅರುಂಡೋ ಡೋನಾಕ್ಸ್ ಎಂಬ ಜೊಂಡಿನಿಂದ ಮಾಡುತ್ತಾರೆ. ಅದರ ಗಡಸುತನವನ್ನು ಅಂಕೆಗಳಿಂದ ಸೂಚಿಸುವುದು ವಾಡಿಕೆ. ಮಧ್ಯಮ ತೆರಪಿಗೆ 2 ಅಥವಾ 2½ರಿಂದ ಆರಂಭಿಸಬಹುದು. ತೀರ ಮೆದುವಾದರೆ ಮೇಲಿನ ಸ್ವರಗಳು ಜೋತುಬೀಳುತ್ತವೆ. ತೀರ ಗಡಸಾದರೆ ವಾದಕನು ಹಲ್ಲು ಬಿಗಿದು ಕಚ್ಚುತ್ತಾನೆ, ಸ್ವರ ಏರುತ್ತದೆ. ನಮ್ಮ ಹುಡುಗನ ರೀಡು ಗಡಸಾಗಿತ್ತು. ನಾದಸ್ವರಕ್ಕೆ ಒಗ್ಗಿದ ತುಟಿಯ ಬಿಗುವೂ ಅದಕ್ಕೆ ಸೇರಿತ್ತು.

ರೀಡನ್ನು ಹಿಡಿದಿಡುವ ಲಿಗೇಚರ್ ಎಂಬ ಪಟ್ಟಿಯು ರೀಡನ್ನು ಸಮವಾಗಿ, ಅಲುಗದಂತೆ ಹಿಡಿದರೆ ಸಾಕು. ಶ್ರುತಿಗಾಗಿ ದುಬಾರಿಯದನ್ನು ಕೊಳ್ಳಬೇಕಾಗಿಲ್ಲ. ಕುತ್ತಿಗೆಯ ಪಟ್ಟಿಯು ಬಲಗೈ ಹೆಬ್ಬೆರಳಿನ ಭಾರವನ್ನು ಇಳಿಸಿ, ತುಟಿ ಸಡಿಲವಾಗಿರಲು ನೆರವಾಗುತ್ತದೆ. ರಂಧ್ರ ಮುಚ್ಚುವ ಪ್ಯಾಡುಗಳು ಸೋರುತ್ತಿದ್ದರೆ ಕೆಳಸ್ವರಗಳು ಹೊರಡುವುದಿಲ್ಲ. ಕತ್ತಲೆಯ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ದೀಪವನ್ನು ಇಳಿಬಿಟ್ಟರೆ ಸೋರುವ ಸ್ಥಳದಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಹೊಸ ಸಲಕರಣೆಗೆ ಹಣ ಸುರಿಯುವ ಮುನ್ನ ಈ ಪರೀಕ್ಷೆಯನ್ನು ಮಾಡಬೇಕು.

ಮೌತ್‌ಪೀಸನ್ನು ಬೇರ್ಪಡಿಸಿ ಅದೊಂದನ್ನೇ ಊದುವುದೂ ಒಳ್ಳೆಯ ಅಭ್ಯಾಸ. ಸೋಪ್ರಾನೋದಲ್ಲಿ ಆ ಸ್ವರವು ಸೆಕೆಂಡಿಗೆ 1046 ಕಂಪನಗಳ ಸುಮಾರಿಗೆ ಇರಬೇಕೆಂದು ಅನೇಕ ಶಿಕ್ಷಕರು ಹೇಳುತ್ತಾರೆ. ಬಹಳ ಮೇಲಿದ್ದರೆ ತುಟಿ ಬಿಗಿಯಾಗಿದೆಯೆಂದು ತಿಳಿಯಬೇಕು. ಮೊಬೈಲ್ ಫೋನಿನ ಟ್ಯೂನರ್ ಇದಕ್ಕೆ ಸಾಕು.

ಕೊನೆಯ ಮಾತು ಕಿವಿಯದು

ಶ್ರುತಿಪೆಟ್ಟಿಗೆಯ ಷಡ್ಜ 466 ಕಂಪನಗಳದ್ದು, ವಾದ್ಯದ ಷಡ್ಜ 462 ಕಂಪನಗಳದ್ದು ಎಂದಾದರೆ, ಎರಡೂ ಕೂಡಿದಾಗ ನಾದವು ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ಇಳಿಯುತ್ತದೆ. ಇವೇ ವಿಸ್ಪಂದಗಳು. ಸ್ವರಗಳು ಹತ್ತಿರವಾದಂತೆ ಅವು ನಿಧಾನವಾಗಿ, ಕೂಡಿದಾಗ ಇಲ್ಲವಾಗುತ್ತವೆ. ಶ್ರುತಿ ಸೇರಿತೆಂದು ನಮ್ಮ ಹಿರಿಯರು ಹೇಳುವುದು ಈ ನಿಶ್ಚಲತೆಯನ್ನೇ.

ಇನ್ನೊಂದು ಸೂಕ್ಷ್ಮವುಂಟು. ಕಾರ್ಖಾನೆಯವರು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿ ವಾದ್ಯವನ್ನು ಮಾಡಿರುತ್ತಾರೆ. ಅಲ್ಲಿ ಅಂತರ ಗಾಂಧಾರವು ಷಡ್ಜಕ್ಕಿಂತ 400 ಸೆಂಟ್ ಮೇಲೆ. ತಂಬೂರಿಯ ಷಡ್ಜದೊಳಗೆ ತಾನಾಗಿ ಕೇಳಿಬರುವ ಗಾಂಧಾರವು 5:4ರ ಪ್ರಮಾಣದ್ದು, ಎಂದರೆ 386 ಸೆಂಟ್. ಈ 14 ಸೆಂಟುಗಳನ್ನು ಯಾವ ಮೌತ್‌ಪೀಸೂ ತಾನಾಗಿ ಇಳಿಸಲಾರದು. ತುಟಿಯನ್ನು ಸಡಿಲಿಸಿ ವಾದಕನೇ ಇಳಿಸಬೇಕು. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಅದು ತೊಡಕಾಗದು.

ಆ ಸಂಜೆ ನಾವು ಹುಡುಗನಿಗೆ ಹೊಸದೇನನ್ನೂ ಕೊಡಿಸಲಿಲ್ಲ. ಅವನ ಚೀಲದಲ್ಲಿಯೇ ಇದ್ದ ಮೆದುವಾದ ರೀಡನ್ನು ಹಾಕಿಸಿ, ಮೌತ್‌ಪೀಸನ್ನು ಸ್ವಲ್ಪಸ್ವಲ್ಪವೇ ಹೊರಗೆಳೆಸಿ, ಎರಡು ಸ್ಥಾಯಿಗಳ ಷಡ್ಜಗಳು ಹೊಂದುವ ಸ್ಥಳದಲ್ಲಿ ಕಾರ್ಕಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಸಿದೆವು. ವಿಸ್ಪಂದಗಳು ಕರಗುವವರೆಗೆ ಷಡ್ಜವನ್ನು ಹಿಡಿದು ನಿಲ್ಲೆಂದೆವು. ಗಾಂಧಾರವು ಮೊದಲು ಒರಟಾಗಿತ್ತು. ನಾಲ್ಕಾರು ಸಲ ಊದಿದ ಮೇಲೆ ಶ್ರುತಿಯಲ್ಲಿ ಕೂತಿತು. ನಾದಸ್ವರದ ಮನೆಯಲ್ಲಿ ಬೆಳೆದ ಕಿವಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ತಂದೆಯು, "ಇರಲಿ ಬಿಡು, ಮಾರುವುದು ಬೇಡ" ಎಂದಷ್ಟೇ ಹೇಳಿದರು.

ವಿದ್ಯಾರ್ಥಿಗಳು ಒಂದು ಕೊಳಲನ್ನೂ ಒಂದು ಉಷ್ಣಮಾಪಕವನ್ನೂ ಇಟ್ಟುಕೊಂಡು, ಮುಂಜಾನೆ ಮತ್ತು ನಡುಹಗಲಿನಲ್ಲಿ ಒಂದೇ ಸ್ವರದ ಕಂಪನಸಂಖ್ಯೆಯನ್ನು ಅಳೆದು ನೋಡಲಿ. ಶಬ್ದವೇಗದ ಸೂತ್ರವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಮಾತಲ್ಲ, ಓಲಗದವರ ಹೊಟ್ಟೆಪಾಡಿಗೂ ಬೇಕಾದ ಮಾತೆಂಬುದು ಅವರಿಗೇ ತಿಳಿದೀತು.