ಕ್ಷಣಿಕ ಅಪಸ್ಮಾರ: ತಂದೆತಾಯಿಗಳು ತಿಳಿದಿರಬೇಕಾದುದು

ಅಪಸ್ಮಾರವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ನೆಲಕ್ಕುರುಳಿ ಕೈಕಾಲು ಬಡಿಯುವ ರೋಗಿಯ ಚಿತ್ರ. ಆದರೆ ಬೀಳದೆ, ಕೂಗದೆ, ಕುಳಿತಲ್ಲಿಯೇ ಬಂದು ಹೋಗುವ ಅಪಸ್ಮಾರವೂ ಒಂದುಂಟು. ಸಾಮಾನ್ಯವಾಗಿ 4ರಿಂದ 10 ವರ್ಷದ ಮಕ್ಕಳಲ್ಲಿ ಇದು ಮೊದಲಾಗುವುದು. ವೈದ್ಯರು ಇದನ್ನು ಅಬ್ಸೆನ್ಸ್ ಎಪಿಲೆಪ್ಸಿ ಎನ್ನುತ್ತಾರೆ. ಅಬ್ಸೆನ್ಸ್ ಎಂದರೆ ಗೈರುಹಾಜರಿ. ಮಗುವಿನ ದೇಹ ಹಾಜರಿದ್ದು, ಅರಿವು ಮಾತ್ರ ಗೈರುಹಾಜರಾಗುವುದರಿಂದ ಹೆಸರು ಒಪ್ಪುವಂತಿದೆ. ನಾವು ಇದನ್ನು ಕ್ಷಣಿಕ ಅಪಸ್ಮಾರವೆಂದು ಕರೆಯೋಣ.

ಇದರ ಲಕ್ಷಣವೇನು? ಉಣ್ಣುತ್ತಿರುವ ಮಗುವಿನ ಕೈ ತುತ್ತಿನೊಡನೆ ಅರ್ಧದಲ್ಲಿಯೇ ನಿಲ್ಲುವುದು. ಆಡುತ್ತಿದ್ದ ಮಾತು ನಡುವೆಯೇ ತುಂಡಾಗುವುದು. ದೃಷ್ಟಿ ಶೂನ್ಯವಾಗುವುದು, ರೆಪ್ಪೆಗಳು ಅದುರುವುದೂ ಉಂಟು. ಸುಮಾರು ಹತ್ತು ಸೆಕೆಂಡು ಕಳೆದೊಡನೆ ಮಗು ಏನೂ ಆಗದಂತೆ ತುತ್ತನ್ನು ಬಾಯಿಗಿಡುವುದು. ನಡುವೆ ನಡೆದುದು ಅದಕ್ಕೆ ತಿಳಿಯದು. ಇಂಥ ಆಘಾತಗಳು ದಿನಕ್ಕೆ ಹತ್ತಾರು ಸಲ ಬರಬಹುದು. 50 ಸಲ ಬಂದರೆ ಒಟ್ಟು ಕಾಲ ಎಂಟು ನಿಮಿಷಗಳಷ್ಟೇ. ಆದರೆ ಪಾಠ ಕೇಳುವ ಮಗುವಿಗೆ ಇದು ಐವತ್ತು ಕಡೆ ಹರಿದ ಪುಸ್ತಕವನ್ನು ಓದಿದಂತೆ. ಹೀಗಿರಲು ಉಪಾಧ್ಯಾಯರು "ಗಮನವಿಲ್ಲ" ಎಂದು ಗದರಿಸುವುದೂ, ಮನೆಯಲ್ಲಿ "ಸೋಮಾರಿ" ಎಂದು ದಂಡಿಸುವುದೂ ನಡೆಯುತ್ತದೆ. ತನ್ನದಲ್ಲದ ತಪ್ಪಿಗೆ ಮಗು ಪೆಟ್ಟು ತಿನ್ನುತ್ತದೆ.

ಹಗಲುಗನಸಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಕನಸು ಕಾಣುವ ಮಗುವನ್ನು ಹೆಸರು ಹಿಡಿದು ಕರೆದು ಭುಜ ಮುಟ್ಟಿದರೆ ಎಚ್ಚತ್ತುಕೊಳ್ಳುತ್ತದೆ. ಆಘಾತದಲ್ಲಿರುವ ಮಗು ಸಾಮಾನ್ಯವಾಗಿ ಓಗೊಡುವುದಿಲ್ಲ. ಕನಸು ಬೇಸರದ ಪಾಠದ ನಡುವೆ ಬರುತ್ತದೆ. ಆಘಾತವಾದರೋ ಆಟ, ಊಟ, ಮಾತುಗಳ ನಡುವೆಯೂ ಬರುತ್ತದೆ.

ಇನ್ನು ಕಾರಣವನ್ನು ನೋಡೋಣ. ನಾಯಕನಹಟ್ಟಿಯ ಜಾತ್ರೆಯಲ್ಲಿ ತೇರೆಳೆಯುವುದನ್ನು ವಾಚಕರು ಊಹಿಸಿಕೊಳ್ಳಲಿ. ಒಬ್ಬೊಬ್ಬರು ಒಂದೊಂದು ಗಳಿಗೆಯಲ್ಲಿ ಹಗ್ಗ ಜಗ್ಗಿದರೆ ತೇರು ಕದಲದು. ಎಲ್ಲರೂ ಒಂದೇ ಕೂಗಿಗೆ ಜಗ್ಗಿದರೆ ಉರುಳುವುದು. ಮಿದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸ್ಪಂದನಗಳಿಂದ ಕೆಲಸಮಾಡುತ್ತವೆ. ಎಚ್ಚರವಿರುವಾಗ ಅವು ತಮ್ಮ ತಮ್ಮ ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಲಯಗಳಲ್ಲಿ ಮಿಡಿಯುವುದೇ ಕ್ಷೇಮ. ಕ್ಷಣಿಕ ಅಪಸ್ಮಾರದಲ್ಲಿ ಮಿದುಳಿನ ಹೊರಪದರಕ್ಕೂ ಒಳಗಿನ ಥಾಲಮಸ್ ಎಂಬ ಭಾಗಕ್ಕೂ ನಡುವಣ ಸಂಪರ್ಕಮಂಡಲ ಅಕಸ್ಮಾತ್ತಾಗಿ ಒಂದೇ ಲಯಕ್ಕೆ ಸಿಕ್ಕಿಬೀಳುವುದು. ತೇರಿಗೆ ಬೇಕಾದ ಒಗ್ಗಟ್ಟು ಮಿದುಳಿಗೆ ವಿಪತ್ತಾಗುವುದು. ಅಷ್ಟು ಹೊತ್ತು ಅರಿವಿನ ಕೆಲಸ ನಿಲ್ಲುವುದು.

ಈ ಸ್ಪಂದನಗಳನ್ನು ಅಳೆಯುವ ಕ್ರಮವನ್ನು 1929ರಲ್ಲಿ ಪ್ರಕಟಿಸಿದವನು ಜರ್ಮನಿಯ ಹ್ಯಾನ್ಸ್ ಬರ್ಗರ್. ತಲೆಯ ಚರ್ಮದ ಮೇಲೆ ದೊರೆಯುವ ವೋಲ್ಟೇಜು ಟಾರ್ಚಿನ ಸೆಲ್ಲಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಸಾಮಾನ್ಯವಾಗಿ ಕಡಮೆ. ಅದನ್ನು ವರ್ಧಿಸಿ ರೇಖೆಯಾಗಿ ಬರೆಯುವ ಪರೀಕ್ಷೆಯೇ ಇ.ಇ.ಜಿ. ಆಘಾತದ ಕಾಲದಲ್ಲಿ ಈ ರೇಖೆ ಸೆಕೆಂಡಿಗೆ ಸುಮಾರು ಮೂರರಂತೆ, ಒಂದು ಮೊನೆ ಒಂದು ಅಲೆ, ಮತ್ತೆ ಮೊನೆ ಮತ್ತೆ ಅಲೆ ಎಂದು ಏರಿಳಿಯುವುದನ್ನು 1935ರಲ್ಲಿ ಅಮೆರಿಕದ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬವರು ತೋರಿಸಿದರು. ಮೂರು ನಿಮಿಷ ಜೋರಾಗಿ ಉಸಿರಾಡಿದರೆ ಆಘಾತ ಬರುವ ಸಂಭವ ಹೆಚ್ಚು; ಅದಕ್ಕಾಗಿ ವೈದ್ಯರು ಮಗುವಿನ ಕೈಗೆ ಕಾಗದದ ಗಿರಗಿಟ್ಟಲೆ ಕೊಟ್ಟು ಊದಿಸುವುದುಂಟು. ಈ ಪರೀಕ್ಷೆಯನ್ನು ಅವರೇ ಮಾಡಲಿ, ಮನೆಯಲ್ಲಿ ಬೇಡ.

ತಂದೆತಾಯಿಗಳ ಮೊದಲ ಕೆಲಸ ನೋಡುವುದು ಮತ್ತು ಬರೆದಿಡುವುದು. ದಿನಾಂಕ, ವೇಳೆ, ಎಷ್ಟು ಸೆಕೆಂಡು, ಆಗ ಮಗು ಏನು ಮಾಡುತ್ತಿತ್ತು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಗುರುತಿಸಬೇಕು. ಸಾಧ್ಯವಾದರೆ ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಬೇಕು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳವರು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿನ ಸಲಹೆಯಂತೆ ಚಿತ್ರದುರ್ಗಕ್ಕೋ, ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೋ ಹೋಗಬಹುದು. 1990ರ ದಶಕದಲ್ಲಿ ಆ ಸಂಸ್ಥೆಯವರು ಬೆಂಗಳೂರಿನಲ್ಲೂ ಸುತ್ತಣ ಹಳ್ಳಿಗಳಲ್ಲೂ ಸುಮಾರು ಒಂದು ಲಕ್ಷ ಜನರನ್ನು ಸಮೀಕ್ಷಿಸಿದಾಗ, ಎಲ್ಲ ಬಗೆಯ ಅಪಸ್ಮಾರಗಳೂ ಸೇರಿ ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು 12, ನಗರದಲ್ಲಿ ಸುಮಾರು 6 ಮಂದಿ ರೋಗಿಗಳು ಕಂಡುಬಂದರು. ಆದುದರಿಂದ ಇದು ಯಾವುದೋ ಒಂದು ಮನೆಯ ಶಾಪವಲ್ಲ. ಮುಚ್ಚಿಡಬೇಕಾದ ಅಪಮಾನವೂ ಅಲ್ಲ.

ಎರಡನೆಯ ಕೆಲಸ ಔಷಧವನ್ನು ತಪ್ಪದೆ ಕೊಡುವುದು. 1958ರಿಂದ ಬಳಕೆಯಲ್ಲಿರುವ ಎಥೊಸಕ್ಸಿಮೈಡ್ ಹಾಗೂ ಸೋಡಿಯಂ ವಾಲ್‌ಪ್ರೊಯೇಟ್ ಇದಕ್ಕೆ ಹೆಚ್ಚು ಗುಣಕಾರಿ ಎಂದು 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಮೊದಲನೆಯದರಿಂದ ಮಕ್ಕಳ ಗಮನಶಕ್ತಿಗೆ ಆಗುವ ತೊಂದರೆ ಕಡಮೆ. ವಾಲ್‌ಪ್ರೊಯೇಟ್ ಗರ್ಭದ ಶಿಶುವಿಗೆ ಹಾನಿಮಾಡಬಲ್ಲುದಾದ್ದರಿಂದ, ಹೆಣ್ಣುಮಕ್ಕಳ ವಿಷಯದಲ್ಲಿ ವೈದ್ಯರೊಡನೆ ಮುಂದಾಗಿ ಮಾತನಾಡಬೇಕು. ನೆರೆಮನೆಯವರ ಫಿಟ್ಸ್ ಮಾತ್ರೆಯನ್ನು ತಂದು ನುಂಗಿಸುವುದು ಅಪಾಯ. ಬೇರೆ ಅಪಸ್ಮಾರಗಳಿಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್‌ಗಳು ಇದನ್ನು ಉಲ್ಬಣಗೊಳಿಸಬಹುದು. ಆಘಾತ ನಿಂತಿತೆಂದು ಔಷಧವನ್ನು ಥಟ್ಟನೆ ಬಿಡಲೂಬಾರದು. ಎರಡು ವರ್ಷ ಆಘಾತವಿಲ್ಲದೆ ಕಳೆದ ಮೇಲೆ ವೈದ್ಯರು ಮೆಲ್ಲಮೆಲ್ಲನೆ ಕಡಮೆ ಮಾಡುವುದು ವಾಡಿಕೆ.

ಮೂರನೆಯದು ಎಚ್ಚರಿಕೆ. ಹತ್ತು ಸೆಕೆಂಡಿನ ಗೈರುಹಾಜರಿ ಮನೆಯಲ್ಲಿ ನಿರಪಾಯ. ಬಾವಿಯ ಕಟ್ಟೆಯ ಮೇಲೆ, ವಾಣಿವಿಲಾಸಸಾಗರದ ನೀರಿನಲ್ಲಿ, ದುರ್ಗದ ಬಂಡೆಯ ಅಂಚಿನಲ್ಲಿ, ಹೆದ್ದಾರಿಯ ಸೈಕಲ್ ಸವಾರಿಯಲ್ಲಿ ಪ್ರಾಣಾಂತಿಕ. ಆಟ ಬೇಡವೆನ್ನದೆ, ಇಂಥ ಸ್ಥಳಗಳಿಗೆ ದೊಡ್ಡವರೊಬ್ಬರು ಜೊತೆಗಿರಬೇಕು. ಆಘಾತಗಳು ಹತೋಟಿಗೆ ಬರುವವರೆಗೆ ಈಜು, ಸೈಕಲ್ಲುಗಳಿಗೆ ವೈದ್ಯರ ಒಪ್ಪಿಗೆ ಪಡೆಯಬೇಕು. ಆಘಾತ ಬಂದಾಗ ನೀರೆರಚುವುದೂ, ಕೈಗೆ ಕಬ್ಬಿಣ ಕೊಡುವುದೂ ನಿಷ್ಪ್ರಯೋಜಕ. ಒಂದು ವೇಳೆ ಮಗು ಬಿದ್ದು ಕೈಕಾಲು ಸೆಳೆತ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ಉಪಾಧ್ಯಾಯರಿಗೂ ವಿಷಯವನ್ನು ತಿಳಿಸುವುದು ಅಗತ್ಯ. ತಪ್ಪಿದ ವಾಕ್ಯವನ್ನು ಅವರು ಮತ್ತೊಮ್ಮೆ ಹೇಳಿಯಾರು. ಈ ರೋಗ ಬಂದ ಮಕ್ಕಳಲ್ಲಿ ಹೆಚ್ಚಿನವರು ಹದಿಹರೆಯ ಮುಗಿಯುವುದರೊಳಗೆ ಇದರಿಂದ ಪಾರಾಗುತ್ತಾರೆ. ಕೆಲವರಿಗೆ ಮುಂದುವರಿಯುವುದರಿಂದ ವೈದ್ಯರ ನಿಗಾ ಬೇಕು. ಮನೆಯ ಕಿರಿಯರನ್ನು ಓದಿಸುವ ಭಾರ ಎಷ್ಟೋ ವೇಳೆ ವಿದ್ಯಾರ್ಥಿಗಳಾದ ನಿಮ್ಮ ಮೇಲೆಯೇ ಬೀಳುತ್ತದೆಯಷ್ಟೆ. ಮಗ್ಗಿ ಒಪ್ಪಿಸುತ್ತಿದ್ದ ತಮ್ಮನೋ ತಂಗಿಯೋ ನಡುವೆ ಮೂಕವಾಗಿ ದಿಟ್ಟಿಸಿದರೆ, ಗದರಿಸುವ ಮೊದಲು ಭುಜ ಮುಟ್ಟಿ ನೋಡಿ, ಸೆಕೆಂಡುಗಳನ್ನು ಎಣಿಸಿ, ಕಂಡುದನ್ನು ತಾಯಿತಂದೆಯರಿಗೆ ಹೇಳಿ.